ಸೂರ್ಯನು ಅಚ್ಚೊತ್ತುವ ನೀಲಿಚಿತ್ರ

ನಮ್ಮ ತಾತನವರು ಗಾರೆ ಕೆಲಸದ ಮೇಸ್ತ್ರಿ. ಅಕ್ಷರ ಬಾರದು. ಆದರೂ ಅವರ ಟ್ರಂಕಿನಲ್ಲಿ ಹಳೆಯ ಕಟ್ಟಡವೊಂದರ ನಕ್ಷೆಯಿದೆ. ನೀಲಿಯ ಮೇಲೆ ಬಿಳಿಯ ಗೆರೆ. ಗೋಡೆ ಯಾವುದು, ಬಾಗಿಲು ಯಾವುದು ಎಂಬುದನ್ನು ಅವರು ಬೆರಳಿಟ್ಟು ತೋರಿಸಬಲ್ಲರು. ಆ ನಕ್ಷೆಯೂ ಒಂದು ಬಗೆಯ ಛಾಯಾಚಿತ್ರವೆಂಬುದು ನನಗೆ ತಿಳಿದದ್ದು ಈಚೆಗೆ.

ಈ ವಿಧಾನಕ್ಕೆ ಸಯನೊಟೈಪ್ ಎಂದು ಹೆಸರು. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಖಗೋಲ ವಿಜ್ಞಾನಿ ಸರ್ ಜಾನ್ ಹರ್ಷೆಲ್. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬಾಕೆ ಕಡಲಪಾಚಿಗಳನ್ನು ಕಾಗದದ ಮೇಲಿಟ್ಟು, ಕ್ಯಾಮೆರಾದ ಹಂಗಿಲ್ಲದೆ, ನೀಲಿಚಿತ್ರಗಳ ಪುಸ್ತಕವನ್ನೇ ಹೊರತರತೊಡಗಿದರು.

ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸೈನೈಡ್ ಎಂಬ ಎರಡು ಲವಣಗಳನ್ನು ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಬಳಸುವಾಗ ಕೂಡಿಸಿ, ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಬಿಸಿಲಿನ ಅತಿನೇರಳೆ ಕಿರಣ ತಗುಲಿದೆಡೆಯಲ್ಲಿ ಕಬ್ಬಿಣದ ಅಂಶವು ಮಾರ್ಪಟ್ಟು, ನೀರಿನಲ್ಲಿ ಕರಗದ ನೀಲಿ ಬಣ್ಣವಾಗುತ್ತದೆ. ನೆರಳಿನಲ್ಲಿದ್ದ ಭಾಗದ ಲೇಪ ತೊಳೆದುಹೋಗಿ ಕಾಗದದ ಬಿಳುಪು ಉಳಿಯುತ್ತದೆ. ತೊಳೆಯಲು ಬರಿಯ ನೀರು ಸಾಕು. ನಾನು ಮೊದಲನೆಯದನ್ನು ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ಅದ್ದಿದೆ; ಅದರಲ್ಲಿ ಸೋಪಿನ ನೀರು ಉಳಿದಿತ್ತು. ಕ್ಷಾರ ತಗುಲಿದರೆ ಈ ನೀಲಿ ಕೆಡುತ್ತದೆಂಬುದನ್ನು ಹೀಗೆ ಕಲಿತೆ!

ಕೈಯಲ್ಲಿ ಮೊಬೈಲ್ ಇರುವಾಗ ಈ ಪಾಡೇಕೆ ಎಂದು ಗೆಳೆಯರು ಕೇಳುತ್ತಾರೆ. ಅಮೆರಿಕದ ಕಲಾವಿದೆ ಮೇಗನ್ ರೀಪೆನ್‌ಹಾಫ್ ಲೇಪಿಸಿದ ಕಾಗದವನ್ನು ಕಡಲ ತೀರದಲ್ಲಿ ಹಾಸುತ್ತಾರೆ; ಅಲೆಯೂ ಮರಳೂ ತಾವೇ ಗುರುತು ಬಿಡುತ್ತವೆ. ಅವರು ಅದನ್ನು ಪೂರ್ತಿ ತೊಳೆಯುವುದೂ ಇಲ್ಲ, ಆದ್ದರಿಂದ ಚಿತ್ರ ಮುಂದೆಯೂ ಬದಲಾಗುತ್ತಿರುತ್ತದೆ. ಇಂತಹವರಿಗೆ ಹಳೆಯ ವಿಧಾನವು ಹಳೆಯದೆಂಬ ಕಾರಣಕ್ಕೆ ಬೇಕಾಗಿಲ್ಲ. ವಸ್ತುವೇ ಬಂದು ಕಾಗದವನ್ನು ಮುಟ್ಟಬೇಕು. ಅದು ಅವರಿಗೆ ಬೇಕು.

ನನಗೂ ಬೇಕಾದದ್ದು ಅದೇ. ಕಳೆದ ಬೇಸಗೆಯಲ್ಲಿ ಕಾಗದದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, “ತಾತ, ಕೈ ಇಡಿ, ಅಲ್ಲಾಡಿಸಬೇಡಿ” ಎಂದೆ. “ಎಷ್ಟು ಹೊತ್ತೋ?” ಎಂದರು. ಹತ್ತು ನಿಮಿಷ ಎಂದೆ. ಕರಣೆ ಹಿಡಿದು ಗೋಡೆಗಳನ್ನು ನೇರ ಮಾಡಿದ ಕೈ ಈಗ ನಡುಗುತ್ತದೆ. ತೊಳೆದಾಗ ಅಂಗೈ ಅಚ್ಚ ಬಿಳುಪಾಗಿ ಬಂತು. ಬೆರಳ ತುದಿಗಳ ಅಂಚು ಮಾತ್ರ ನೀಲಿಯಲ್ಲಿ ಕದಡಿತ್ತು. ಕೆಟ್ಟಿತಲ್ಲ ಎಂದು ಇನ್ನೊಂದು ಕಾಗದ ತರಲು ಎದ್ದೆ. ತಾತ ಆ ಹಸಿ ಹಾಳೆಯನ್ನೇ ಹಿಡಿದು, “ಇದು ನನ್ನ ಕೈಯೇ ಕಣೋ” ಎಂದರು.

ಅದೀಗ ಟ್ರಂಕಿನಲ್ಲಿ, ನಕ್ಷೆಯ ಜೊತೆಗಿದೆ.