ಅಂಗೈ ಮೇಲಿನ ಅಶ್ವದಳ

ಯುದ್ಧವು ಆಟದ ವಸ್ತುವಾಗಬಹುದೆ? ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಬೋಧಿಸಿದ ಶರಣರನ್ನು ನಿತ್ಯವೂ ನೆನೆಯುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಇಂಗ್ಲೆಂಡಿನ ಸಾಹಿತಿ ಎಚ್.ಜಿ. ವೆಲ್ಸ್ ಅವರು 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿ, ಆಟಿಕೆಯ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ಆಡುವ ಕದನದ ನಿಯಮಗಳನ್ನು ವಿವರಿಸಿದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂಬುದು ಅವರ ವಾದ. ಲೋಕ ಆ ಮಾತನ್ನು ಕೇಳಲಿಲ್ಲ. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಆಟ ಮಾತ್ರ ಬೆಳೆದು, ಇತಿಹಾಸದ ಕದನಗಳನ್ನು ಮೇಜಿನ ಮೇಲೆ ಮರುರಚಿಸುವ ಹವ್ಯಾಸವಾಗಿ ಇಂದಿಗೂ ಹಲವು ದೇಶಗಳಲ್ಲಿ ಉಳಿದಿದೆ.

ಈ ಹವ್ಯಾಸದಲ್ಲಿ ಅತ್ಯಂತ ತಾಳ್ಮೆ ಬೇಡುವುದು ಅಶ್ವದಳದ ಕಿರುಬೊಂಬೆಗಳು. ನಮ್ಮ ನಾಡಿಗೆ ಸಂಬಂಧಿಸಿದ ಕದನವೊಂದನ್ನೇ ಉದಾಹರಣೆಯಾಗಿ ನೋಡೋಣ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ದಳಗಳು, ಎಂದರೆ ಈಟಿ ಹಿಡಿದ ರಾವುತರು, ಅಂದು ತುರ್ಕರ ಅಧೀನದಲ್ಲಿದ್ದ ಹೈಫಾ ನಗರವನ್ನು ಗೆದ್ದವು. ಇಂದು ಆ ಊರು ಇಸ್ರೇಲಿನಲ್ಲಿದೆ.

ಬೊಂಬೆಗಳನ್ನು ಆರಿಸುವಾಗ ಮೊದಲು ಅಳತೆಯನ್ನು ನಿರ್ಧರಿಸಬೇಕು. 28 ಮಿಲಿಮೀಟರಿನ ಬೊಂಬೆಗಳು ಹೆಚ್ಚು ಬಳಕೆಯಲ್ಲಿವೆ. ನಿಜ ಗಾತ್ರದ 72ನೇ ಒಂದು ಭಾಗದಷ್ಟಿರುವ ಪ್ಲಾಸ್ಟಿಕ್ ಬೊಂಬೆಗಳೂ ಉಂಟು. ಇವೆರಡನ್ನು ಒಂದೇ ದಳದಲ್ಲಿ ಬೆರೆಸಿದರೆ ಅಂದಗೆಡುತ್ತದೆ. ಅನಂತರ ಕುದುರೆಯ ಕಾಲುಗಳನ್ನು ಪರೀಕ್ಷಿಸಬೇಕು. ಹಿಂದಿನ ಚಿತ್ರಕಾರರು ನಾಗಾಲೋಟದ ಕುದುರೆಯು ಮುಂಗಾಲು ಹಿಂಗಾಲುಗಳನ್ನು ಚಾಚಿ ಹಾರುವಂತೆ ಬರೆಯುತ್ತಿದ್ದರು. ನಾಲ್ಕೂ ಕಾಲುಗಳು ನೆಲ ಬಿಟ್ಟಾಗ ಅವು ಹೊಟ್ಟೆಯ ಕೆಳಗೆ ಒಟ್ಟುಗೂಡಿರುತ್ತವೆಂಬುದನ್ನು 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಅವರು ತೆಗೆದ ಛಾಯಾಚಿತ್ರಗಳು ತೋರಿಸಿಕೊಟ್ಟವು.

ಉಡುಪಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ಮೆರವಣಿಗೆಯ ಝಗಝಗಿಸುವ ಪೋಷಾಕು ಕಣ್ಣು ಸೆಳೆಯುತ್ತದೆ; ಆದರೆ ಹೈಫಾದಲ್ಲಿ ಕಾದಿದವರು ಧೂಳು ಮೆತ್ತಿದ ಖಾಕಿ ಬಟ್ಟೆ ತೊಟ್ಟು, ಪೇಟ ಸುತ್ತಿ, ಬಿದಿರಿನ ಹಿಡಿಯ ಈಟಿ ಹಿಡಿದಿದ್ದರು. ಕೆಲಸ ಎಷ್ಟೇ ಚಿಕ್ಕದಿರಲಿ, ಅದು ಸತ್ಯಶುದ್ಧವಾಗಿರಬೇಕೆಂಬುದಲ್ಲವೆ ಕಾಯಕ ಕಲಿಸುವ ಪಾಠ?

ಬಣ್ಣ ಹಚ್ಚುವ ಮೊದಲು ಅಚ್ಚಿನ ಗೆರೆಗಳನ್ನು ಸಣ್ಣ ಅರದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ತಳಬಣ್ಣ ಬಳಿಯಬೇಕು. ಕುದುರೆಗೆ ತಿಳಿಗಂದು ಹಚ್ಚಿ ಒಣಗಿಸಿ, ಮೇಲೆ ಕಡುಗಂದು ತೈಲವರ್ಣ ಬಳಿದು, ಆರುವ ಮುನ್ನವೇ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸ್ನಾಯುಗಳ ಉಬ್ಬಿನಲ್ಲಿ ಬೆಳಕೂ ತಗ್ಗಿನಲ್ಲಿ ನೆರಳೂ ಮೂಡುತ್ತವೆ. ಕೆಂಗಂದು ಕುದುರೆಯಾದರೆ ಜೂಲು, ಬಾಲ ಮತ್ತು ಕಾಲುಗಳ ಕೆಳಭಾಗಕ್ಕೆ ಕಪ್ಪು ಬಣ್ಣ ಸಲ್ಲುತ್ತದೆ. ಹಳೆಯ ಲೋಹದ ಬೊಂಬೆಗಳಲ್ಲಿ ಸೀಸವಿರುವುದರಿಂದ ಅವನ್ನು ಎಳೆಯ ಮಕ್ಕಳ ಕೈಗೆ ಕೊಡಬಾರದು. ಮುಟ್ಟಿದವರು ಕೈ ತೊಳೆಯಬೇಕು.

ಹೈಫಾ ಕದನದಲ್ಲಿ ಭಾರತೀಯ ದಳಗಳು 1,350 ಮಂದಿಯನ್ನು ಸೆರೆಹಿಡಿದವು. ತಮ್ಮ ಕಡೆಯಲ್ಲಿ 8 ಮಂದಿ ಮಡಿದರು, 34 ಮಂದಿ ಗಾಯಗೊಂಡರು. ಸತ್ತ ಕುದುರೆಗಳು 60, ಗಾಯಗೊಂಡವು 83. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ರಾವುತರ ಪ್ರತಿಮೆಗಳಿವೆ; ಕುದುರೆಗಳಿಲ್ಲ.

ಮೇಜಿನ ಮೇಲೆ ಬಿದ್ದ ಕುದುರೆಯನ್ನು ಆಟ ಮುಗಿದೊಡನೆ ಎತ್ತಿ ಪೆಟ್ಟಿಗೆಯಲ್ಲಿಡಬಹುದು. ರಣಭೂಮಿಯಲ್ಲಿ ಬಿದ್ದ ಆ ಅರವತ್ತು ಮೂಕಜೀವಿಗಳು ಮತ್ತೆ ಏಳಲಿಲ್ಲ. ತಂದೆತಾಯಂದಿರು ಮಕ್ಕಳೊಡನೆ ಕುಳಿತು ಬಣ್ಣ ಹಚ್ಚುವಾಗ ಈ ಮಾತನ್ನೂ ತಿಳಿಸಿಕೊಡಲಿ. ಗೆಲುವಿನ ಕಥೆಯ ಜೊತೆಗೆ ಅದರ ಬೆಲೆಯನ್ನೂ ಅರಿತ ಮಗು ಯುದ್ಧವನ್ನು ಹಂಬಲಿಸಲಾರದು. ಹಾಗೆ ಆಡಿದ ಆಟ ದಯೆಗೆ ವಿರೋಧವಲ್ಲ, ದಯೆಯ ಮೊದಲ ಪಾಠವೇ ಆದೀತೆಂದು ನಾವು ನಂಬುತ್ತೇವೆ.