ಲಂಡನ್ನಿನಲ್ಲೊಂದು ದ್ರಾಕ್ಷಾಮದ್ಯದ ಸಂತೆ

ಮದ್ಯವನ್ನು ಎಂದೂ ಮುಟ್ಟದ, ಇತರರಿಗೂ ಮುಟ್ಟಬೇಡಿರೆಂದೇ ಹೇಳುತ್ತ ಬಂದಿರುವ ನಾವು ದ್ರಾಕ್ಷಾಮದ್ಯದ ಸಂತೆಯೊಂದರಲ್ಲಿ ಅರ್ಧ ದಿವಸವನ್ನು ಕಳೆದು ಬಂದೆವೆಂದರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು, ಮತ್ತೆ ಕೆಲವರು ಮುಗುಳ್ನಗಬಹುದು. ಉಭಯತರ ಸಮಾಧಾನಕ್ಕಾಗಿಯೂ ಮೊದಲೇ ಅರಿಕೆ ಮಾಡಿಬಿಡುತ್ತೇವೆ: ನಾವು ಮೂಸಿದ್ದುಂಟು, ಕುಡಿದದ್ದಿಲ್ಲ. 2019ರ ಮೇ ತಿಂಗಳಲ್ಲಿ ಲಂಡನ್ ನಗರದಲ್ಲಿದ್ದಾಗ, ಅಲ್ಲಿಯೇ ನೆಲಸಿರುವ ನಮ್ಮ ಕಡೆಯ ಮಿತ್ರರೊಬ್ಬರು, “ಒಕ್ಕಲಿಗರು ತಾವು ಬೆಳೆದದ್ದನ್ನು ತಾವೇ ತಂದು, ಕೇಳಿದ್ದಕ್ಕೆ ತಾವೇ ಉತ್ತರ ಹೇಳುವ ಸಂತೆಯಿದು, ಪತ್ರಿಕೆಯವರು ನೋಡತಕ್ಕದ್ದು” ಎಂದು ಒತ್ತಾಯಪಡಿಸಿ ಕರೆದೊಯ್ದರು.

ಸಂತೆ ಕೂಡಿದ್ದುದು ವಾಪಿಂಗಿನ ಟೊಬ್ಯಾಕೊ ಡಾಕ್ ಎಂಬ ಹಳೆಯ ಉಗ್ರಾಣದಲ್ಲಿ. ಸಮುದ್ರದಾಚೆಯಿಂದ ಬಂದಿಳಿದ ಹೊಗೆಸೊಪ್ಪನ್ನು ಕೂಡಿಡುವ ಸಲುವಾಗಿ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಕಟ್ಟಡವದು. ಅಲ್ಲಿ ಹುಲಿಯೊಂದರ ಎದುರಿಗೆ ನಿಂತ ಹುಡುಗನ ಕಂಚಿನ ಪ್ರತಿಮೆಯಿದೆ; ಸಮೀಪದ ಪ್ರಾಣಿವ್ಯಾಪಾರಿಯೊಬ್ಬನ ಬೋನಿನಿಂದ ಆ ಶತಮಾನದಲ್ಲಿ ಹುಲಿಯೊಂದು ತಪ್ಪಿಸಿಕೊಂಡು ಬೀದಿಯ ಹುಡುಗನನ್ನು ಕಚ್ಚಿಕೊಂಡು ಹೋದುದರ ನೆನಪು. ಹುಲಿ ಬಂಗಾಳದ್ದಂತೆ. ನಮ್ಮ ನಾಡಿನಿಂದ ಏನೇನು ಈ ರೇವಿನಲ್ಲಿ ಬಂದಿಳಿಯಿತೋ ಬಲ್ಲವರಾರು!

ಒಳಗೆ ಸಾಲುಸಾಲು ಮೇಜುಗಳು; ಹಿಂದೆ ಫ್ರಾನ್ಸು, ಇಟಲಿ, ಸ್ಪೇನು, ಜಾರ್ಜಿಯಾ ಮೊದಲಾದ ದೇಶಗಳ ಬೆಳೆಗಾರರು. ಬಂದವರು ಲೋಟವನ್ನೊಡ್ಡುವರು, ಬೆಳೆಗಾರನು ಒಂದು ಗುಟುಕಿನಷ್ಟು ಸುರಿಯುವನು, ಅವರು ಮೂಸಿ, ಬಾಯಲ್ಲಿ ಮುಕ್ಕಳಿಸಿ, ಪಕ್ಕದ ಬಕೆಟ್ಟಿಗೆ ಉಗುಳುವರು. ಮಡಿಮೈಲಿಗೆಯ ಮನೆಯಲ್ಲಿ ಬೆಳೆದ ನಮಗೆ, ಮರ್ಯಾದಸ್ಥರು ಸಾಲಾಗಿ ನಿಂತು ಉಗುಳುವುದನ್ನು ಕಂಡು ಮೊದಲು ಅಸಹ್ಯವಾಯಿತು. ಆಮೇಲೆ, ಕುಡಿಯದೆಯೇ ಮದ್ಯದ ಗುಣಾವಗುಣಗಳನ್ನು ವಿಚಾರಿಸುವವರು ನಾವೊಬ್ಬರೇ ಅಲ್ಲವೆಂದು ಧೈರ್ಯವೂ ಬಂದಿತು.

ಇಲ್ಲಿಯ ಸರಕಿಗೆ ‘ಸಹಜ ಮದ್ಯ’ವೆಂದು ಹೆಸರು. ನಮ್ಮ ಮನೆಗಳಲ್ಲಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ತಾನಾಗಿ ಹುಳಿತು ಉಬ್ಬುವುದಷ್ಟೆ. ಅಂಗಡಿಯ ಹುದುಗನ್ನು ಯಾರೂ ಬೆರೆಸುವುದಿಲ್ಲ. ದ್ರಾಕ್ಷಿಯ ರಸದ ಸ್ವಭಾವವೂ ಅದೇ. ಆದರೆ ದೊಡ್ಡ ಕಾರ್ಖಾನೆಗಳಿಗೆ ಇದರ ಅನಿಶ್ಚಯವು ಒಗ್ಗುವುದಿಲ್ಲವಾಗಿ, ಆರಿಸಿ ಬೆಳೆಸಿದ ಹುದುಗು, ಹುಳಿ ಸಾಲದಿದ್ದರೆ ಆಮ್ಲ, ಕೆಲವು ಪ್ರಾಂತಗಳಲ್ಲಿ ಸಕ್ಕರೆ, ಕೆಡದಂತೆ ಗಂಧಕದ ಡೈಆಕ್ಸೈಡು ಇವೆಲ್ಲ ಸೇರುತ್ತವೆ. ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸೀನು, ಮೀನಿನ ಗಾಳಿಚೀಲದ ಅಂಟು ಸಹ ಉಪಯೋಗವಾಗುವುದುಂಟು. ಇದಾವುದೂ ಕಾನೂನಿಗೆ ವಿರೋಧವಲ್ಲ. ಆಶ್ಚರ್ಯವೇನೆಂದರೆ, ನಾವು ಹೋದ ವರ್ಷದಲ್ಲಿ ಮೂರು ಕಾಸಿನ ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಬೇಕಾಗಿದ್ದ ಪದಾರ್ಥಗಳ ಪಟ್ಟಿಯು ದುಬಾರಿ ಮದ್ಯದ ಸೀಸೆಯ ಮೇಲೆ ಕಡ್ಡಾಯವಾಗಿರಲಿಲ್ಲ. ಗಂಧಕವಿದೆಯೆಂಬ ಒಂದು ಮಾತು, ಹಾಲು ಮೊಟ್ಟೆಗಳ ಅಂಶವುಳಿದಿದ್ದರೆ ಅದರ ಎಚ್ಚರಿಕೆ, ಇಷ್ಟೇ.

ಫ್ರಾನ್ಸಿನ ಬರ್ಗಂಡಿಯಲ್ಲಿ ನಡೆದ ಒಂದು ಮೊಕದ್ದಮೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ದ್ರಾಕ್ಷಿಬಳ್ಳಿಗೆ ರೋಗ ತರುವ ಜಿಗಿಹುಳುವನ್ನು ಕೊಲ್ಲಲು ಎಲ್ಲರೂ ಔಷಧ ಸಿಂಪಡಿಸಬೇಕೆಂದು 2013ರಲ್ಲಿ ಸರಕಾರವು ಆಜ್ಞೆ ಮಾಡಿತು. ತನ್ನ ತೋಟದಲ್ಲಿ ರೋಗವಿಲ್ಲ, ಔಷಧದಿಂದ ಜೇನುಹುಳುಗಳೂ ಸಾಯುವುವು ಎಂದು ಎಮಾನ್ಯುಯೆಲ್ ಜಿಬೂಲೊ ಎಂಬ ಬೆಳೆಗಾರರು ನಿರಾಕರಿಸಿದರು. 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯವು 1000 ಯೂರೊ ದಂಡ ವಿಧಿಸಿ ಅರ್ಧವನ್ನು ಅಮಾನತಿನಲ್ಲಿಟ್ಟಿತು. ಅದೇ ವರ್ಷಾಂತ್ಯದಲ್ಲಿ ಮೇಲಿನ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಆಜ್ಞಾಭಂಗವೆಂದೊಡನೆ ನಮ್ಮ ಮನಸ್ಸು ಆ ಕಡೆಗೆ ವಾಲುವುದು ಅಭ್ಯಾಸಬಲ. ಆದರೂ ನೆರೆಯವನ ತೋಟಕ್ಕೆ ರೋಗ ಹಬ್ಬಿದರೆ ಗತಿಯೇನೆಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನಾವು ಹೆಚ್ಚು ಹೊತ್ತು ನಿಂತದ್ದು ಜಾರ್ಜಿಯಾದವರ ಮೇಜಿನ ಬಳಿ. ಸುಮಾರು 8000 ವರ್ಷಗಳ ಹಿಂದೆಯೇ ಅಲ್ಲಿ ದ್ರಾಕ್ಷಾಮದ್ಯವಿತ್ತೆಂಬುದಕ್ಕೆ ಮಣ್ಣಿನ ಮಡಕೆಯ ಚೂರುಗಳು ಸಾಕ್ಷಿಯಾಗಿವೆ. ಕ್ವೆವ್ರಿಯೆಂಬ ದೊಡ್ಡ ಮಣ್ಣಿನ ಹರವಿಯನ್ನು ಕಂಠದವರೆಗೆ ನೆಲದಲ್ಲಿ ಹೂತು, ರಸವನ್ನು ಸಿಪ್ಪೆಬೀಜಗಳೊಡನೆ ಅದರಲ್ಲಿ ತುಂಬಿ ಮುಚ್ಚಿಡುವರು. ಸೋವಿಯತ್ ಆಳಿಕೆಯಲ್ಲಿ ಕಾರ್ಖಾನೆಗಳು ರಾಶಿರಾಶಿಯಾಗಿ ಮದ್ಯ ತಯಾರಿಸಿ ಸಾಮ್ರಾಜ್ಯಕ್ಕೆಲ್ಲ ಒದಗಿಸಿದವು. ಹರವಿಯು ಒಕ್ಕಲಿಗನ ಮನೆಯಲ್ಲಿ ಮನೆಮಂದಿಗಾಗಿ ಉಳಿಯಿತು. 2006ರಲ್ಲಿ ರಷ್ಯವು ಜಾರ್ಜಿಯಾದ ಮದ್ಯವನ್ನು ಬಹಿಷ್ಕರಿಸಿದಾಗ ಮುಖ್ಯ ಮಾರುಕಟ್ಟೆಯೇ ಮುಚ್ಚಿತು. ಆಗ ಪಶ್ಚಿಮದ ಬಾಗಿಲು ತಟ್ಟಲು ಒದಗಿದವುಗಳಲ್ಲಿ ಅಜ್ಜಂದಿರ ಹರವಿಯೂ ಒಂದು. 2013ರಲ್ಲಿ ರಷ್ಯವು ಬಾಗಿಲು ತೆರೆಯಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆಯು ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಕುಡಿಯುವುದಿಲ್ಲವೆಂದಾಗ ಮೇಜಿನ ಯಜಮಾನರು ಬೇಸರಿಸಲಿಲ್ಲ. ದಾರಕ್ಕೆ ಪೋಣಿಸಿದ ಅಕ್ರೋಟುಗಳನ್ನು, ಹಿಟ್ಟು ಬೆರೆಸಿ ಕಾಯಿಸಿದ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಚುರ್ಚ್‌ಖೇಲಾ ಎಂಬ ತಿಂಡಿಯ ತುಂಡನ್ನು ಕೊಟ್ಟರು. ಸಂತೆಯಲ್ಲಿ ನಮ್ಮ ಬಾಯಿಗೆ ಬಿದ್ದದ್ದು ಅದೊಂದೇ, ಬಹಳ ರುಚಿಯಾಗಿತ್ತು.

ಎಲ್ಲ ಮೇಜುಗಳೂ ಹೀಗಿರಲಿಲ್ಲ. ಒಂದು ಸೀಸೆಯಿಂದ ಕೊಟ್ಟಿಗೆಯ ವಾಸನೆ ಬಂದಿತು. ಮಿತ್ರರು ಮುಖ ಸಿಂಡರಿಸಿದರೆ, ಅದು ನಿಸರ್ಗದ ಗುಣವೆಂಬ ಉತ್ತರ ಬಂದಿತು. ಈ ಮಾತನ್ನು ನಾವು ಒಪ್ಪಲಾರೆವು. ಈ ಪಂಥದ ಹಿರಿಯರೆನಿಸಿದ ಬೊಜೊಲೆ ಪ್ರಾಂತದ ಜ್ಯೂಲ್ ಶೋವೆ (1907–1989) ಮದ್ಯದ ವರ್ತಕರಷ್ಟೇ ಅಲ್ಲ, ರಸಾಯನಶಾಸ್ತ್ರವನ್ನು ಬಲ್ಲವರು. ಗಂಧಕವನ್ನು ಬಿಡಬೇಕಾದರೆ ಶುಚಿತ್ವವು ಇಮ್ಮಡಿಯಾಗಬೇಕು. ಕೊಳಕಿಗೆ ಪ್ರಕೃತಿಯ ಹೆಸರಿಡುವುದು ಗ್ರಾಹಕನಿಗೆ ಮಾಡುವ ವಂಚನೆಯೇ. ‘ಸಹಜ’ವೆಂಬ ಶಬ್ದಕ್ಕೆ ಆಗ ಕಾನೂನಿನ ಕಾವಲಿರಲಿಲ್ಲ. 2020ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಒಪ್ಪಿದ ‘ವ್ಯಾಂ ಮೆಥೋಡ್ ನಾತ್ಯೂರ್’ ಎಂಬ ಗುರುತಿಗೆ ಸಾವಯವ ಕ್ರಮದಲ್ಲಿ ಬೆಳೆದ, ಕೈಯಿಂದ ಕೊಯ್ದ ಹಣ್ಣು, ಅದರದೇ ಹುದುಗು ಬೇಕು. ಗಂಧಕ ಸೇರಿಸಿದರೂ ಲೀಟರಿಗೆ 30 ಮಿಲಿಗ್ರಾಮಿನೊಳಗಿರಬೇಕು. ಐರೋಪ್ಯ ಒಕ್ಕೂಟದಲ್ಲಿ 2023ರ ಡಿಸೆಂಬರ್ 8ರಿಂದೀಚೆಗೆ ತಯಾರಾದ ಮದ್ಯಕ್ಕೆ ಪದಾರ್ಥಗಳ ಪಟ್ಟಿಯು ಕಡ್ಡಾಯವಾಗಿದೆ. ಆದರೆ ಪಟ್ಟಿಯನ್ನು ಸೀಸೆಯ ಮೇಲೆಯೇ ಅಚ್ಚುಹಾಕಬೇಕಾಗಿಲ್ಲ. ಫೋನಿನಿಂದ ಓದುವ ಚೌಕದ ಗುರುತೊಂದಿದ್ದರೆ ಸಾಕಂತೆ.

ಹೊರಡುವ ಹೊತ್ತಿಗೆ ಫ್ರಾನ್ಸಿನ ಮುದುಕರೊಬ್ಬರನ್ನು ಮಿತ್ರರ ಮೂಲಕ ಕೇಳಿದೆವು: ಇದರಲ್ಲಿ ಏನೇನಿದೆ? “ದ್ರಾಕ್ಷಿ” ಎಂದರು. ಗಂಧಕ? ಕ್ಷಣಕಾಲ ಸುಮ್ಮನಿದ್ದು, ಆ ವರ್ಷ ಕೊಯ್ಲಿನಲ್ಲಿ ಮಳೆ ಹೊಡೆದು ಹೆದರಿ ಸ್ವಲ್ಪ ಹಾಕಿದೆನೆಂದು ಒಪ್ಪಿಕೊಂಡು, ಚೀಟಿಯೊಂದರ ಬೆನ್ನಿನ ಮೇಲೆ ಎಷ್ಟೆಂಬ ಅಂಕಿಯನ್ನು ಬರೆದು ನಮ್ಮ ಕೈಗಿತ್ತರು. ಮಿತ್ರರು ಬೇರೆಲ್ಲವನ್ನೂ ಬಿಟ್ಟು ಆ ಸೀಸೆಯ ಹೆಸರನ್ನೇ ಬರೆದುಕೊಂಡರು.