ನಿಮಗಿದು ಗೊತ್ತೆ? ತರಗೆಲೆಗೆ ಬೆಂಕಿ ಇಟ್ಟರೆ ದಂಡ!
ಮುದ್ದೇನಹಳ್ಳಿ, ನಂದಿ ಬೆಟ್ಟದ ತಪ್ಪಲಲ್ಲಿ ಮರಗಳು ಹೆಚ್ಚಾಗಿ ಎಲೆ ಉದುರಿಸುವುದು ಶಿಶಿರದಲ್ಲಿ, ಯುಗಾದಿಗೆ ಮುಂಚೆ. ಗುಡಿಸಿ ಕಡ್ಡಿ ಗೀರುವ ರೂಢಿ ದಯವಿಟ್ಟು ಬಿಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ.

ಸುಡುವ ಬದಲು ತರಗೆಲೆಯಿಂದ ಗೊಬ್ಬರ ಮಾಡಿ. ಹೊಂಗೆ ದ್ವಿದಳ ಜಾತಿಯ ಮರ. ಎಲೆಯಲ್ಲಿ ಸಾರಜನಕವಿದೆ, ಒಳ್ಳೆಯ ಗೊಬ್ಬರ. ಮಾವಿನೆಲೆ ಗಡುಸು, ಮುರಿದು ಹಾಕಿ. ಒಂದು ಪದರ ತರಗೆಲೆ, ಅದರ ಮೇಲೆ ಸಗಣಿ ನೀರು. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆ ಹುಳುವಿನ ಹಿಕ್ಕೆಯೇ ಸಿಗುತ್ತದಲ್ಲ, ಅದನ್ನೂ ಬೆರೆಸಿ. ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು.

ರಾಶಿಗೆ ಮಾತ್ರ ಬರಿಗೈ ಹಾಕಬೇಡಿ. ಚೇಳು, ಕೊಳಕುಮಂಡಲ ಅಡಗಿರಬಹುದು. ಮೊದಲು ಉದ್ದ ಕೋಲಿನಿಂದ ಕೆದಕಿ. ಧೂಳಿಗೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.